ಹಳೇ ಅಥ್ಲಾನ್‌ಗೆ ಹೊಸ ಎಸ್‌ಎಂಪಿಎಸ್: ಮೂರನೆಯದು ಕೈಹಿಡಿಯಿತು

ನನ್ನ ಹಳೇ ಅಥ್ಲಾನ್ ಕಂಪ್ಯೂಟರಿಗೆ ಹೊಸ ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಡಬ್ಬಿ) ಹುಡುಕುತ್ತಿದ್ದೆ. "ಈಗಿನ ಎಸ್‌ಎಂಪಿಎಸ್‌ಗೆ ಆ ಬೋರ್ಡ್ ಓಡಲ್ಲ, ಎತ್ತಿಡು" ಅಂತ ಕೇಳಿದವರೆಲ್ಲ ಹೇಳಿದ್ದರು. ಈಗ ಏಳೆಂಟು ತಿಂಗಳಾಯಿತು. ದಿನಾ ನಾಲ್ಕೈದು ಗಂಟೆ ಓಡುತ್ತಿದೆ, ಒಂದು ಸಲವೂ ತಾನಾಗಿ ರೀಸ್ಟಾರ್ಟ್ ಆಗಿಲ್ಲ.

ನನ್ನದು ಅಥ್ಲಾನ್ ಎಕ್ಸ್‌ಪಿ 2500+ ಪ್ರೊಸೆಸರ್, ಅದು ಕೂರುವ ಸಾಕೆಟ್ ಎ ಮದರ್‌ಬೋರ್ಡ್. 20 ಪಿನ್ ಕನೆಕ್ಟರ್ ಒಂದೇ ಇದೆ, ಪ್ರೊಸೆಸರ್‌ಗೆ 12 ವೋಲ್ಟ್ ತರುವ ಬೇರೆ 4 ಪಿನ್ ಇಲ್ಲ. ಅಂದರೆ ಪ್ರೊಸೆಸರ್ ಪೂರ್ತಿ ಕೆಂಪು (5 ವೋಲ್ಟ್) ವೈರಿನ ಮೇಲೇ ಬದುಕುತ್ತದೆ. ಚಿಪ್ಪಿಗೆ ಹೆಚ್ಚೆಂದರೆ 68 ವ್ಯಾಟ್. ಬೋರ್ಡ್ ಮೇಲೆ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್‌ನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ 5 ವೋಲ್ಟ್‌ನಲ್ಲಿ ಸುಮಾರು 16-17 ಆಂಪ್. ರ‍್ಯಾಮ್, ಡಿಸ್ಕ್ ಲೆಕ್ಕ ಬೇರೆ.

ಮೊದಲು ತಂದದ್ದು ಅಗ್ಗದ್ದು. ಲೇಬಲ್ ಮೇಲೆ 450 ವ್ಯಾಟ್, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಡೆಸ್ಕ್‌ಟಾಪ್ ಬರುವ ಹೊತ್ತಿಗೆ ಕೆಂಪು 4.6ಕ್ಕೆ ಇಳಿಯಿತು, ಹಳದಿ (12 ವೋಲ್ಟ್) 12.8ಕ್ಕೆ ಏರಿತು. ಇಂಥವುಗಳಲ್ಲಿ ಎರಡೂ ಒಂದೇ ಕಾಯಿಲ್‌ಗೆ ಕಟ್ಟಿರುತ್ತವೆ, ತಕ್ಕಡಿಯ ಹಾಗೆ.

ಹಾಗಾದರೆ ಹಗುರವಾದ ತಟ್ಟೆಗೆ ಭಾರ ಇಟ್ಟರೆ? ಕಾರಿನ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬನ್ನು ಮೋಲೆಕ್ಸ್‌ನ (ಡಿಸ್ಕಿಗೆ ಕರೆಂಟ್ ಕೊಡುವ ನಾಲ್ಕು ವೈರಿನ ಕನೆಕ್ಟರ್) ಹಳದಿ ಮತ್ತು ಕಪ್ಪು ವೈರಿಗೆ ಸಿಕ್ಕಿಸಿದೆ. ಕೆಂಪು 4.75ರ ಹತ್ತಿರ ಬಂತು, ಹಳದಿ 12.3ಕ್ಕೆ ಕೂತಿತು. ಮೆಷಿನ್ ಸ್ಥಿರವಾಗಿ ಓಡಿತು! ಈ ಪ್ರಯೋಗದ ಬಗ್ಗೆ ನನಗೆ ಈಗಲೂ ಹೆಮ್ಮೆ. ಆದರೆ ಬಲ್ಬ್ ಕೆಂಡದಂತೆ ಕಾಯುತ್ತಿತ್ತು, ಪಕ್ಕದಲ್ಲಿದ್ದ ಡಿಸ್ಕಿನ ಐಡಿಇ ಕೇಬಲ್ ಮೆತ್ತಗಾಯಿತು. ತೆಗೆದುಬಿಟ್ಟೆ.

ಎರಡನೆಯದು ಹಳೇ ಕಾಲದ ಸೆಕೆಂಡ್ ಹ್ಯಾಂಡ್, 5 ವೋಲ್ಟ್‌ಗೆ 35 ಆಂಪ್ ಅಂತ ಬರೆದಿತ್ತು. ಹತ್ತು ದಿನ ಚೆನ್ನಾಗಿ ಓಡಿತು. ಆಮೇಲೆ ಬೆಳಗ್ಗೆ ಸ್ಟಾರ್ಟ್ ಆಗಲು ನಾಲ್ಕೈದು ಸಲ ಬಟನ್ ಒತ್ತಬೇಕಾಯಿತು. ಬಿಚ್ಚಿ ನೋಡಿದರೆ ಮೂರು ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ಅಂಟು ಸೋರಿತ್ತು. ಇವೆರಡಕ್ಕೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೇದು ಬರುತ್ತಿತ್ತು, ಅಲ್ವಾ? ಹೊಟ್ಟೆ ಉರಿಯಿತು.

ಮೂರನೆಯದನ್ನು ಲೇಬಲ್ ಓದಿಯೇ ತಂದೆ. ಒಟ್ಟು ವ್ಯಾಟ್ ಕಡೆ ನೋಡಲೇ ಇಲ್ಲ. 5 ವೋಲ್ಟ್‌ಗೆ 25 ಆಂಪ್, 3.3 ವೋಲ್ಟ್ ಜೊತೆ ಸೇರಿ 150 ವ್ಯಾಟ್, ಒಳಗೆ ಡಿಸಿ-ಡಿಸಿ. ಇದರಲ್ಲಿ 5 ವೋಲ್ಟ್ ಅನ್ನು 12ರಿಂದಲೇ ಬೇರೆಯಾಗಿ ಮಾಡುತ್ತಾರೆ, ಹಾಗಾಗಿ ತಕ್ಕಡಿ ಆಟ ಇಲ್ಲ. ಬೆಲೆ ಮೊದಲನೆಯದರ ಮೂರು ಪಟ್ಟು. 24 ಪಿನ್‌ನಲ್ಲಿ ನಾಲ್ಕನ್ನು ಬೇರೆ ಮಾಡಿ 20 ಸಿಕ್ಕಿಸಿದೆ, ಅಷ್ಟೇ.

ಆದರೂ ಲೋಡ್ ಕೊಟ್ಟಾಗ ಮೋಲೆಕ್ಸ್‌ನಲ್ಲಿ 4.98, ಬೋರ್ಡ್ ಕನೆಕ್ಟರ್‌ನ ಹಿಂದಿನಿಂದ ಪ್ರೋಬ್ ಇಟ್ಟರೆ 4.78. ದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ ಅಂತ ಟಾರ್ಚ್ ಬಿಟ್ಟು ನೋಡಿದೆ. ಬೋರ್ಡಿನ ನಾಲ್ಕು ಕೆಂಪು ಪಿನ್‌ಗಳಲ್ಲಿ ಒಂದರ ಸುತ್ತ ಬಿಳಿ ಪ್ಲಾಸ್ಟಿಕ್ ಚಹಾ ಬಣ್ಣಕ್ಕೆ ತಿರುಗಿತ್ತು, ಪಿನ್ ಮೇಲೆ ಕಪ್ಪು ಪೊರೆ. ಉಜ್ಜಿ ತೆಗೆದೆ, ಹಿಡಿತ ಬಿಗಿ ಮಾಡಿದೆ. ಏನು ಹಾಕಿ ಉಜ್ಜಿದೆ, ಹೇಗೆ ಬಿಗಿ ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸುಮ್ನೆ ಸಿಕ್ಕಿದ್ದರಲ್ಲಿ ಕೆರೆದರೆ ಪಿನ್ ಹಾಳಾಗುತ್ತೆ.

ಈಗ ಅದೇ ಜಾಗದಲ್ಲಿ 4.93. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಒಂದೂ ಎರರ್ ಇಲ್ಲ.

ಫ್ಲಾಪಿಗೆ ಬೇಕಾದ ಸಣ್ಣ ಕನೆಕ್ಟರ್ ಹೊಸದರಲ್ಲಿ ಇರಲಿಲ್ಲ. ಕೆಟ್ಟದ್ದರಿಂದ ಕತ್ತರಿಸಿ ಮೋಲೆಕ್ಸ್‌ಗೆ ಬೆಸುಗೆ ಹಾಕಿದೆ. ನೀವೂ ಮಾಡುವುದಾದರೆ ಕೆಂಪು, ಹಳದಿ ಅದಲುಬದಲಾಗಿಲ್ಲ ಅಂತ ಮೀಟರ್ ಇಟ್ಟು ನೋಡಿಯೇ ಡ್ರೈವ್‌ಗೆ ಸಿಕ್ಕಿಸಿ.