ಚೌಕಟ್ಟಿಗೆ ಯಾವ ಮರ? ನಾಟಾ ಕೊಳ್ಳುವ ಮುನ್ನ

ಮನೆ ಕಟ್ಟುವವರು ಸಾಮಾನ್ಯವಾಗಿ ಮೊದಲು ಮರದ ಹೆಸರು ಹೇಳಿ, ಆಮೇಲೆ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಾರೆ. ಕಾಡಿಗೂ ಜೇಬಿಗೂ ಒಳ್ಳೆಯದು ಇದರ ತಿರುವುಮುರುವು.

ಮೊದಲು ಅಳತೆ. 7 ಅಡಿ ಎತ್ತರ, 3½ ಅಡಿ ಅಗಲದ ಹೊಸ್ತಿಲಿಲ್ಲದ ಚೌಕಟ್ಟಿಗೆ ಒಟ್ಟು 17½ ಅಡಿ ಉದ್ದದ ಮರ ಬೇಕು. 5×3 ಇಂಚಿನದಾದರೆ 1.82 ಘನ ಅಡಿ. 4×2½ ಇಂಚಿನದಾದರೆ 1.22. ಮಲಗುವ ಕೋಣೆಯ ಬಾಗಿಲಿಗೆ ಎರಡನೆಯದು ಧಾರಾಳವಾಗಿ ಸಾಕು. ಮೂರನೇ ಒಂದು ಭಾಗ ಮರ ಅಲ್ಲೇ ಉಳಿಯಿತು. ಹೇಳಿದ ಅಳತೆ ಕೊಯ್ದದ್ದೋ ಹತ್ತರಿ ಹೊಡೆದದ್ದೋ ಕೇಳಿಕೊಳ್ಳಿ. ಹತ್ತರಿಯಲ್ಲಿ ಕಾಲು ಇಂಚಿನವರೆಗೂ ಹೋಗುತ್ತದೆ, ಬಿಲ್ ಮಾತ್ರ ಕೊಯ್ದ ಅಳತೆಗೇ ಬರುತ್ತದೆ.

ಆಮೇಲೆ ಜಾಗ. ಮಳೆ, ಬಿಸಿಲು ಬೀಳುವ ಮುಂಬಾಗಿಲು ಮತ್ತು ಹೊರಗಿನ ಕಿಟಕಿಗೆ ಸಾಗುವಾನಿ ಅಥವಾ ಹಲಸಿನ ಕೆಚ್ಚು (ದಿಮ್ಮಿಯ ಒಳಗಿನ ಗಟ್ಟಿ, ಗಾಢ ಬಣ್ಣದ ಭಾಗ) ಬೇಕು. ತೋಟದ ಹಲಸನ್ನು ನಾವು ಮುಖ್ಯವಾಗಿ ಶಿಫಾರಸು ಮಾಡುತ್ತೇವೆ: ಗೆದ್ದಲು ಸುಲಭಕ್ಕೆ ಹಿಡಿಯದು, ಬಣ್ಣವೂ ವರ್ಷ ಕಳೆದಂತೆ ಗಾಢವಾಗುತ್ತದೆ. ಒಳಬಾಗಿಲಿಗೆ ಅಕೇಶಿಯಾ ಆದೀತು. ಅದರ ನೆಡುತೋಪುಗಳ ಬಗ್ಗೆ ಮಲೆನಾಡಿನಲ್ಲಿರುವ ತಕರಾರು ನ್ಯಾಯವಾದದ್ದೇ; ಆದರೆ ಕಡಿದಾಗಿರುವ ಮರ ಕಾಗದದ ಕಾರ್ಖಾನೆಗೆ ಹೋಗುವುದಕ್ಕಿಂತ ಚೌಕಟ್ಟಾಗಿ ನಿಲ್ಲುವುದು ಮೇಲು. ಹಸಿ ಅಕೇಶಿಯಾವನ್ನು ಬಿಸಿಲಿಗೆ ಹಾಕಿ ಒಣಗಿಸಿದರೆ ಸೀಳು ಬಿಡುತ್ತದೆ, ನೆರಳಿನಲ್ಲೇ ಒಣಗಬೇಕು. ಕಪಾಟು, ಶೆಲ್ಫ್‌ಗಳಿಗೆ ಕಾಫಿ ತೋಟದ ಸಿಲ್ವರ್ ಓಕ್ ಅಥವಾ ಹಾಲು ನಿಂತ ರಬ್ಬರ್ ಮರ. ರಬ್ಬರ್ ಮರವನ್ನು ಕೊಯ್ದ ಕೂಡಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸದಿದ್ದರೆ ಕುಟ್ಟೆ ಹುಳ ಬೀಳುವುದು ಖಚಿತ. ನೀರು ತಗುಲಿದರೆ ಬೋರಾನ್ ತೊಳೆದುಹೋಗುವುದರಿಂದ ಅದನ್ನು ಹೊರಗೆ ಬಳಸಬಾರದು.

ಬೀಟೆ ಬೇಡ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಅದಿದೆ. ಹಳೆ ಮನೆ ಕೆಡವಿದ ಮರ ಸಿಕ್ಕರೆ ಅದಕ್ಕಿಂತ ಹಸಿರು ಮರ ಇನ್ನೊಂದಿಲ್ಲ. ಸಾಮಿಲ್ಲಿಗೆ ಒಯ್ಯುವ ಮುನ್ನ ಅಯಸ್ಕಾಂತ ಆಡಿಸಿ ಮೊಳೆ ಕೀಳಿಸಿ, ಇಲ್ಲವಾದರೆ ಗರಗಸದ ಹಲ್ಲು ಹೋಗುತ್ತದೆ.

ಕಾಗದ. ಮೋಸ ನಡೆಯುವುದು ಇಲ್ಲೇ. ಅಂಗಡಿಯಲ್ಲಿ 'ಬರ್ಮಾ ಟೀಕ್' ಎನ್ನುತ್ತಾರೆ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಷೇಧಿಸಿದೆ. ಹಾಗಾಗಿ ಆ ಹೆಸರಿನಲ್ಲಿ ಹೊಸ ದಿಮ್ಮಿ ತೋರಿಸಿದರೆ ಅದು ಘಾನಾದಂಥ ದೇಶದ ನೆಡುತೋಪಿನದಿರಬಹುದು, ಕಳ್ಳ ಮಾಲೂ ಇರಬಹುದು. ಆಮದು ದಾಖಲೆಯಲ್ಲಿ ಮೂಲ ದೇಶ ಯಾವುದೆಂದು ನೋಡಿ. ಸ್ಥಳೀಯ ಮರವಾದರೆ ಅರಣ್ಯ ಇಲಾಖೆಯ ಡಿಪೊ ಹರಾಜಿನ ರಸೀದಿ ಅಥವಾ ಸಾಗಣೆ ರಹದಾರಿ ಕೇಳಿ. ಅದರಲ್ಲಿರುವ ಜಾತಿ, ತುಂಡುಗಳ ಸಂಖ್ಯೆ, ಘನ ಅಳತೆ ಮುಂದಿರುವ ಮಾಲಿಗೆ ತಾಳೆಯಾಗಬೇಕು. ಎಫ್‌ಎಸ್‌ಸಿ ಮರ (ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವುದಕ್ಕೆ ಮಾನದಂಡ ಹಾಕಿರುವ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆಯಿರುವುದು) ಎಂದರೆ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಸಾಲದು. ನಿಮ್ಮ ಬಿಲ್ಲಿನ ಮೇಲೇ 'ಎಫ್‌ಎಸ್‌ಸಿ 100%' ಅಥವಾ 'ಎಫ್‌ಎಸ್‌ಸಿ ಮಿಕ್ಸ್' ಎಂದೂ ಮಾರುವವನ ಸಿಒಸಿ ಸಂಖ್ಯೆಯೂ (ಕಾಡಿನಿಂದ ಅಂಗಡಿಯವರೆಗೆ ಮರ ಕೈಬದಲಾದ ಸರಪಳಿಗೆ ಕೊಡುವ ಪ್ರಮಾಣಪತ್ರದ ಸಂಖ್ಯೆ) ಇರಬೇಕು. ಆ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿದರೆ ಚಾಲ್ತಿಯಲ್ಲಿದೆಯೇ ತಿಳಿಯುತ್ತದೆ. ಜಾತಿಯ ಬಗ್ಗೆಯೇ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮಾದರಿ ಕೊಟ್ಟು ಗುರುತಿಸಿಕೊಳ್ಳಬಹುದು.

ತೇವ. ಮರದಲ್ಲಿರುವ ನೀರು ಅದರ ಒಣ ತೂಕದ ಇಷ್ಟಿರಬೇಕು: ಬಯಲುಸೀಮೆಗೆ ಸುಮಾರು 12%, ಕರಾವಳಿಗೆ ತುಸು ಹೆಚ್ಚು. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಹಲಗೆಯ ತುದಿಯಿಂದ ಒಂದಡಿ ಒಳಗೆ (ತುದಿ ಬೇಗ ಒಣಗಿರುತ್ತದೆ) ಒಂದಿಂಚಿನ ಬಿಲ್ಲೆ ಕೊಯ್ಯಿಸಿ ತೂಗಿ. 103 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 236 ಗ್ರಾಂ ಇದ್ದದ್ದು 200ಕ್ಕೆ ಇಳಿದರೆ 36ನ್ನು 200ರಿಂದ ಭಾಗಿಸಿ: 18%. ಹಸಿ ತೂಕದಿಂದ ಭಾಗಿಸುವವರಿದ್ದಾರೆ. ಆಗ 15% ಎಂದು ಬಂದು ಹಸಿ ಮರ ಪಾಸಾಗಿಬಿಡುತ್ತದೆ. ಇಂಥ ಮರದ ಬಾಗಿಲು ಬೇಸಿಗೆಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ, ಕೊನೆಗೆ ಇನ್ನೊಂದು ಮರ ಕಡಿಯಬೇಕಾಗುತ್ತದೆ.

ಮಾಲು ಇಳಿಸಿದ ದಿನವೇ ಕೆಚ್ಚಿಗೆ ಅಂಟಿದ ಬಿಳಿ ಭಾಗ ನೋಡಿ. ಸಾಗುವಾನಿಯಲ್ಲೂ ಗೆದ್ದಲು ತಿನ್ನುವುದು ಅದನ್ನೇ. ಅಂಥ ತುಂಡನ್ನು ವಾಪಸ್ ಕಳಿಸಿ. ಗೋಡೆಗೆ ತಾಗುವ ಮೈಗೂ ನೆಲಕ್ಕೆ ಕೂರುವ ತುದಿಗೂ ನಿಲ್ಲಿಸುವ ಮುಂಚೆಯೇ ಬಿಟುಮೆನ್ ಬಣ್ಣ ಬಳಿಸಿ, ಗಾರೆ ಹಾಕಿದ ಮೇಲೆ ಆ ಜಾಗಕ್ಕೆ ಕುಂಚ ಹೋಗುವುದಿಲ್ಲ.