ಚಳಿಗಾಲದ ಮಳೆ: ಅಡಿಕೆ ಹರವುವ ಮುನ್ನ ಹವಾಮಾನ ವರದಿ ಓದುವುದು ಹೇಗೆ?

ದೀಪಾವಳಿ ಮುಗಿದಿದೆ. ಅಂಗಳ ಕೆತ್ತಿ, ಬಡಿದು, ಸೆಗಣಿ ಸಾರಿಸಿ ಮೊದಲ ಕೊಯ್ಲಿನ ಅಡಿಕೆ ಹರವಿದ್ದೇವೆ. ಇನ್ನು ಬಿಸಿಲೇ ಅಂದುಕೊಳ್ಳುವಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬರುತ್ತದೆ. ಸೆಖೆ ಹೋಗಿ ತಂಪು ಗಾಳಿ ಬೀಸುತ್ತದೆ. ಮೈಗೆ ಹಿತ, ಅಂಗಳಕ್ಕೆ ಕಷ್ಟ.

ಇಂಥ ದಿನಗಳಲ್ಲಿ ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಗ್ರೀನ್ ಅಂತ ಇತ್ತಲ್ಲ, ಮತ್ತೆ ಮಳೆ ಹೇಗೆ ಬಂತು?’ ವರದಿ ತಪ್ಪಿರುವುದಿಲ್ಲ. ಹವಾಮಾನ ಇಲಾಖೆ ಜಿಲ್ಲೆಗೆ ಕೊಟ್ಟ ಎಚ್ಚರಿಕೆಯ ಬಣ್ಣ ನೋಡಿ, ಕೆಳಗಿನ ಮಳೆಯ ವಿವರದ ಸಾಲು ಬಿಟ್ಟಿರುತ್ತೇವೆ.

ಹಸಿರು ಅಂದರೆ ಏನು?

ಹಸಿರು ಅಂದರೆ ಮಳೆ ಇಲ್ಲ ಅಂತಲ್ಲ. ಎಚ್ಚರಿಕೆ ಇಲ್ಲ ಅಂತ, ಅಷ್ಟೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಮಾತ್ರ ಅದು ‘ಭಾರಿ ಮಳೆ’. 115.6ರಿಂದ ‘ಅತಿ ಭಾರಿ’, 204.5ರಿಂದ ‘ಅತ್ಯಂತ ಭಾರಿ’. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಸಾಮಾನ್ಯವಾಗಿ ಈ ಮೂರು ಮೆಟ್ಟಿಲುಗಳನ್ನು ಹಿಡಿದೇ ಬರುತ್ತವೆ. ಅಂದರೆ 60 ಮಿ.ಮೀ. ಸುರಿದರೂ ಅದು ‘ಸಾಧಾರಣ ಮಳೆ’. ಜೂನ್‌ನಲ್ಲಿ ನಮಗೆ ಅದು ನಿಜಕ್ಕೂ ಸಾಧಾರಣವೇ.

ಅಡಿಕೆ ಹರವಿದ ಅಂಗಳಕ್ಕೆ 5 ಮಿ.ಮೀ. ಸಾಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿ.ಮೀ. ಮಳೆ. ಸಾವಿರ ಚದರಡಿ ಅಂಗಳಕ್ಕೆ 5 ಮಿ.ಮೀ. ಅಂದರೆ ಸುಮಾರು 460 ಲೀಟರ್. ಮೂವತ್ತು ಕೊಡಪಾನ ನೀರನ್ನು ಅಡಿಕೆಯ ಮೇಲೆ ಸುರಿದ ಹಾಗೆ! ಅದಕ್ಕೇ ಈ ತಿಂಗಳುಗಳಲ್ಲಿ ಬಣ್ಣಕ್ಕಿಂತ ‘ಹಗುರ’, ‘ಸಾಧಾರಣ’ ಅನ್ನುವ ಪದಗಳನ್ನು ಹುಡುಕಿ ಓದಿ.

ಆಮೇಲೆ ಎಷ್ಟು ಕಡೆ ಅನ್ನುವುದನ್ನು ನೋಡಿ. ‘ಒಂದೆರಡು ಕಡೆ’ ಅಂದರೆ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದಷ್ಟು ಕಡೆ. ‘ಕೆಲವು ಕಡೆ’ ಅಂದರೆ ಅರ್ಧದವರೆಗೆ, ‘ಹಲವು ಕಡೆ’ ಅಂದರೆ ಮುಕ್ಕಾಲಿನವರೆಗೆ. ಅದರಾಚೆ ‘ಬಹುತೇಕ ಕಡೆ’. ಮೊದಲನೆಯದಾದರೆ ಟರ್ಪಾಲು ಕೈಗೆ ಸಿಗುವಂತೆ ಇಟ್ಟುಕೊಂಡು ಅಡಿಕೆ ಹರವಬಹುದು. ‘ಹಲವು ಕಡೆ’ ಅಂತ ಇದ್ದರೆ ನಾನಂತೂ ಹರವುವುದಿಲ್ಲ.

ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಬುಧವಾರದ ಎಚ್ಚರಿಕೆಯೊಳಗೆ ಗುರುವಾರ ನಸುಕಿನ ಮಳೆಯೂ ಸೇರಿದೆ. ಇದು ಗೊತ್ತಿಲ್ಲದೆ ರಾತ್ರಿ ಟರ್ಪಾಲು ತೆಗೆದಿಟ್ಟವರು ಎಷ್ಟೋ ಮಂದಿ.

ಮಳೆ ಎಲ್ಲಿಂದ ಬರುತ್ತಿದೆ?

ಈ ಕಾಲದ ಮಳೆಯಲ್ಲಿ ಎರಡು ಬಗೆ. ಎರಡಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಒಂದು, ಘಟ್ಟದ ಮೇಲೆ ಮೋಡ ಕಟ್ಟಿ ಮಧ್ಯಾಹ್ನದ ಮೇಲೆ ಗುಡುಗುತ್ತಾ ಇಳಿಯುವ ಮಳೆ. ಮುಂಗಾರು ಪಡುವಣ ಕಡಲಿನಿಂದ ಬರುತ್ತದೆ, ಇದು ಮೂಡಿನಿಂದ. ಕಾರ್ಕಳ, ಬೆಳ್ತಂಗಡಿ ಕಡೆಯವರಿಗೆ ಕುದುರೆಮುಖದ ಸಾಲು ಎದುರಿಗೇ ಇದೆ. ‘ಮೂಡು ಕಪ್ಪಾಯಿತು, ಅಡಿಕೆ ಒಟ್ಟುಮಾಡಿ’ ಅಂತ ಹಿರಿಯರು ಕೂಗುವುದು ಸುಮ್ನೆ ಅಲ್ಲ. ಇಂಥ ದಿನ ಬೆಳಗಿನ ಬಿಸಿಲು ಸಿಗುತ್ತದೆ. ಹರವಿ, ಎರಡು ಗಂಟೆಯೊಳಗೆ ರಾಶಿ ಮಾಡಿ. ಮೊಬೈಲ್‌ನಲ್ಲಿ ದಾಮಿನಿ ಆ್ಯಪ್ ಇಟ್ಟುಕೊಳ್ಳಿ, ಹತ್ತಿರದಲ್ಲಿ ಸಿಡಿಲಿದ್ದರೆ ತಿಳಿಸುತ್ತದೆ. ಗುಡುಗು ಶುರುವಾದ ಮೇಲೆ ಅಡಿಕೆ ಉಳಿಸಲು ಬಯಲಿಗೆ ಓಡಬೇಡಿ. ನೆನೆದರೆ ನೆನೆಯಲಿ.

ಇನ್ನೊಂದು, ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಪಶ್ಚಿಮಕ್ಕೆ ಸರಿಯುವ ವಾಯುಭಾರ ಕುಸಿತದ ಮಳೆ. 2024ರಲ್ಲಿ ಫೆಂಗಲ್ ಚಂಡಮಾರುತ ನವೆಂಬರ್ 30ರಂದು ಪುದುಚೇರಿ ಹತ್ತಿರ ದಡ ಮುಟ್ಟಿತು. ನಮ್ಮಿಂದ ಅದು ಸುಮಾರು 550 ಕಿ.ಮೀ. ದೂರ. ಗಾಳಿಯ ಬಲ ಕುಂದಿತು, ಆದರೆ ಮೋಡ ಒಳನಾಡನ್ನು ದಾಟಿ ಬಂತು. ಡಿಸೆಂಬರ್ 2, 3ರಂದು ಕರಾವಳಿಯಲ್ಲಿ ಜೋರು ಮಳೆ. 3ರಂದು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಹಾಗಾಗಿ ತಮಿಳುನಾಡಿನ ತೀರದ ಸುದ್ದಿ ಕೇಳಿದ ದಿನವೇ ನಮ್ಮ ಕೆಲಸ ಶುರುವಾಗಬೇಕು. ಕೈಯಲ್ಲಿ ಎರಡು ದಿನ ಇರುತ್ತದೆ.

ಆ ಎರಡು ದಿನ

ಮೊದಲು ಅಡಿಕೆಯನ್ನು ಬೇರೆ ಮಾಡಿ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸಿಪ್ಪೆಯೊಳಗಿನ ಅಡಿಕೆ ಲೊಟ ಲೊಟ ಅಂದರೆ ಒಣಗುತ್ತಾ ಬಂದಿದೆ ಅಂತ ಅರ್ಥ. ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿ ಸುಲಿಯುವ ಬಿಳಿ ಅಡಿಕೆ, ಆಗಲು 40–45 ದಿನದ ಬಿಸಿಲು ಬೇಕು. ಅಷ್ಟು ಬಿಸಿಲು ಉಂಡ ಅಡಿಕೆ ಈಗ ನೆನೆದರೆ ಎಲ್ಲಕ್ಕಿಂತ ಜಾಸ್ತಿ ನಷ್ಟ. ಅದನ್ನು ಮೊದಲು ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿ.

ಉಳಿದದ್ದನ್ನು ಅಂಗಳದ ಎತ್ತರದ ಕಡೆ ರಾಶಿ ಮಾಡಿ. ಟರ್ಪಾಲನ್ನು ನೇರ ಅಡಿಕೆಯ ಮೇಲೆ ಹೊದೆಸಬೇಡಿ. ಹೊದೆಸಿ ಒಂದು ರಾತ್ರಿ ಬಿಟ್ಟು ಕೆಳಗೆ ಕೈ ಹಾಕಿ ನೋಡಿ: ಒಳಮೈ ತುಂಬ ಬೆವರಿನ ಹನಿ, ಅಡಿಕೆ ಬೆಚ್ಚಗೆ, ಹುಳಿ ವಾಸನೆ. ಬೂಸ್ಟು ಹಿಡಿಯುವುದು ಅಲ್ಲಿಂದಲೇ. ಎರಡು ಕವೆಗೋಲು ನೆಟ್ಟು, ಮೇಲೆ ಬಿದಿರು ಹಾಕಿ, ಮಾಡಿನ ಹಾಗೆ ಇಳಿಬಿಡಿ. ಎರಡು ತುದಿ ತೆರೆದಿರಲಿ, ಗಾಳಿ ಆಡಲಿ. ಸುತ್ತ ಒಂದು ಸಣ್ಣ ಕಣಿ ತೋಡಿ. ಮಳೆ ಬಿಟ್ಟ ಹೊತ್ತಿನಲ್ಲಿ ರಾಶಿಯನ್ನು ಕೈಯಾಡಿಸಿ, ಅಡಿಯದ್ದು ಮೇಲೆ ಬರಲಿ.

ಗೇರು, ಮಾವು ಹೂ ಬಿಟ್ಟಿದ್ದರೆ ಔಷಧಿ ಹೊಡೆಯುವುದನ್ನು ಮುಂದಕ್ಕೆ ಹಾಕಿ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ ಮೇಘದೂತ್ ಆ್ಯಪ್‌ನಲ್ಲಿ ಸಿಗುತ್ತದೆ. ಮಲ್ಪೆ, ಮಂಗಳೂರು ಬಂದರಿನವರು ಮಳೆಗಿಂತ ಗಾಳಿಯ ಸಾಲನ್ನು ನೋಡಬೇಕು. ಮೀನುಗಾರರಿಗೆ ಬರುವ ಎಚ್ಚರಿಕೆಯೇ ಬೇರೆ, ಊರಲ್ಲಿ ಹಸಿರಿದ್ದರೂ ಅದು ಇರಬಹುದು.

ಯಾವಾಗ ತೆರೆಯುವುದು?

ಮಳೆ ನಿಂತ ಕೂಡಲೇ ಅಲ್ಲ. ಮೋಡ ಇರುವಷ್ಟು ದಿನ ಹಗಲು ತಂಪು, ಆದರೆ ರಾತ್ರಿ ಅಂಥ ಚಳಿ ಇರುವುದಿಲ್ಲ. ನೆಲದ ಕಾವು ಮೇಲೆ ಹೋಗದಂತೆ ಮೋಡ ಕಂಬಳಿಯ ಹಾಗೆ ತಡೆಯುತ್ತದೆ. ಮೋಡ ಸರಿದ ರಾತ್ರಿ ಚಳಿ ಹೆಚ್ಚುತ್ತದೆ, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದೆ. ವರದಿಯಲ್ಲಿ ಕನಿಷ್ಠ ತಾಪಮಾನ ಇಳಿದು, ಗರಿಷ್ಠ ಏರತೊಡಗಿತೇ ನೋಡಿ. ಎರಡೂ ಕಂಡ ದಿನ ಟರ್ಪಾಲು ಸರಿಸಿ. ಅಡಿಕೆ ಹರವಲು ಮಾತ್ರ ಅವಸರ ಬೇಡ. ಸೆಗಣಿ ನೆಲದ ಮೇಲೆ ಬರಿಗಾಲು ಇಟ್ಟು ನೋಡಿ, ಅಂಗಾಲಿಗೆ ಮಣ್ಣು ಅಂಟದಿದ್ದರೆ ಹರವಬಹುದು.