ಮುಂದಿನ ಬಾಟಲಿ ಏರಿಸುವ ಮುನ್ನ

ಉಡುಪಿಯಲ್ಲಿ ಮಳೆ ಹಿಡಿದರೆ ನಮ್ಮ ತೀವ್ರ ನಿಗಾ ಘಟಕಕ್ಕೆ ಇಲಿಜ್ವರದವರು ಬರತೊಡಗುತ್ತಾರೆ. ನಾಟಿಗೆ ಹೋಗಿದ್ದ ಮಹಿಳೆಯೊಬ್ಬರನ್ನು ಕರೆತಂದಾಗ ರಕ್ತದೊತ್ತಡ 70/40, ಕಣ್ಣು ಕೆಂಪು, ಮೂತ್ರ ಹೆಚ್ಚುಕಡಿಮೆ ನಿಂತಿತ್ತು. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಕೊಟ್ಟು, ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವವನ್ನು ರಕ್ತನಾಳಕ್ಕೆ ಹರಿಯಬಿಟ್ಟೆವು. ಮೊದಲ ಮೂರು ಗಂಟೆಗಳಲ್ಲಿ ಕಿಲೋ ತೂಕಕ್ಕೆ ಕನಿಷ್ಠ 30 ಮಿ.ಲೀ. ಎಂಬುದು ಸೆಪ್ಸಿಸ್ (ಸೋಂಕಿಗೆ ದೇಹ ಹದತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವ ಸ್ಥಿತಿ) ಕುರಿತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. 50 ಕಿಲೋದ ಅವರಿಗೆ ಒಂದೂವರೆ ಲೀಟರ್.

ನನ್ನ ನಿಜವಾದ ಕೆಲಸ ಶುರುವಾಗುವುದು ಅದರ ನಂತರ. ರಕ್ತನಾಳದ ಒಳಗೋಡೆಗೆ ಗ್ಲೈಕೋಕ್ಯಾಲಿಕ್ಸ್ ಎಂಬ ತೆಳು ಲೇಪವಿದೆ. ಸೆಪ್ಸಿಸ್‌ನಲ್ಲಿ ಅದು ಕಳಚುತ್ತದೆ, ಜೀವಕೋಶಗಳ ನಡುವಿನ ಸಂದು ಅಗಲವಾಗುತ್ತದೆ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಸಮೇತ ನೀರು ಹೊರಗೆ ಸೋರುತ್ತದೆ. ಇಲಿಜ್ವರದಲ್ಲಂತೂ ಶ್ವಾಸಕೋಶದೊಳಗೆ ರಕ್ತಸ್ರಾವವಾಗುವ ಭಯ ಬೇರೆ. "ಡಾಕ್ಟರೇ, ಒತ್ತಡ ಏರಲಿಲ್ಲವಲ್ಲ, ಇನ್ನೊಂದು ಗ್ಲೂಕೋಸ್ ಹಾಕಿ" ಎಂದು ಅವರ ಮಗ ಕೈಮುಗಿದ. ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಏಡಿ ಬಿಲ ತೋಡಿದ ಗದ್ದೆಗೆ ಎಷ್ಟು ನೀರು ಬಿಟ್ಟರೆ ನಿಂತೀತು ಎಂದು ಕೇಳಿದೆ. ಅವನಿಗೆ ತಕ್ಷಣ ಅರ್ಥವಾಯಿತು.

ಬೆರಳ ತುದಿಯನ್ನು ಹತ್ತು ಸೆಕೆಂಡು ಒತ್ತಿ ಬಿಟ್ಟೆ. ಬಿಳಚಿದ ಚರ್ಮಕ್ಕೆ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಿತು. ಅಂದರೆ ಅಂಗಾಂಗಗಳಿಗೆ ರಕ್ತ ಇನ್ನೂ ಸಾಲದು. ಹಾಗೆಂದು ನೀರೇ ಬೇಕೆಂದಲ್ಲ. ಬೆನ್ನನ್ನು ಮಟ್ಟಮಾಡಿ ಕಾಲುಗಳನ್ನು 45 ಡಿಗ್ರಿ ಎತ್ತಿಸಿದೆ. ಕಾಲಿನ ರಕ್ತ ಎದೆಗೆ ಇಳಿದರೂ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯ ಹೊರಹಾಕುವ ರಕ್ತದ ಪ್ರಮಾಣ ಹೆಚ್ಚಲಿಲ್ಲ. ಅಂದರೆ ಇನ್ನಷ್ಟು ದ್ರವ ಕೊಟ್ಟರೂ ಲಾಭವಿಲ್ಲ. ಶ್ವಾಸಕೋಶದ ಅಲ್ಟ್ರಾಸೌಂಡ್‌ನಲ್ಲಿ ನೀರು ತುಂಬುತ್ತಿರುವ ಗೆರೆಗಳು ಮೂಡತೊಡಗಿದ್ದವು. ಬಾಟಲಿ ನಿಲ್ಲಿಸಿದೆ. ಕತ್ತಿನ ನಾಳಕ್ಕೆ ಕೊಳವೆ ಹಾಕುವವರೆಗೆ ಕಾಯದೆ, ತೋಳಿನ ದೊಡ್ಡ ರಕ್ತನಾಳದಲ್ಲೇ, ನಾಳಗಳನ್ನು ಬಿಗಿಸಿ ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಶುರುಮಾಡಿದೆ. ಸೂಜಿಯ ಜಾಗ ಊದುತ್ತದೆಯೇ ಎಂದು ನರ್ಸ್ ಪದೇ ಪದೇ ನೋಡುತ್ತಿದ್ದರು. ಗುರಿ, ಸರಾಸರಿ ಒತ್ತಡ 65.

ನೀರು ಕೊಟ್ಟರೆ ಕೆಟ್ಟದ್ದೇನು ಎನ್ನುವವರಿಗೆ ನಾನು 2011ರಲ್ಲಿ ಪ್ರಕಟವಾದ ಆಫ್ರಿಕಾದ ಮಕ್ಕಳ ಅಧ್ಯಯನವನ್ನು ನೆನಪಿಸುತ್ತೇನೆ: ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ ಮಕ್ಕಳಲ್ಲಿ, ಬೇಗ ಬೇಗ ದ್ರವ ಕೊಟ್ಟವರಲ್ಲೇ ಸಾವು ಹೆಚ್ಚಿತ್ತು. ನಮ್ಮ ವಯಸ್ಕ ರೋಗಿಗಳಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ದ್ರವವೂ ಔಷಧವೇ, ಅದಕ್ಕೂ ಪ್ರಮಾಣವಿದೆ.

ಆ ಮಹಿಳೆಗೆ ವೆಂಟಿಲೇಟರ್ ಬೇಕಾಗಲಿಲ್ಲ. ಸೋರಿಕೆ ಇಳಿದು ಒತ್ತಡ ತಾನಾಗಿ ನಿಂತ ಮೇಲೆ ಮೂತ್ರ ಹೆಚ್ಚಿತು, ಕಾಲಿನ ಬಾವು ಇಳಿಯಿತು. ಈ ಹಂತದಲ್ಲಿ ಮೂತ್ರ ತಾನಾಗಿ ಹೆಚ್ಚದಿದ್ದರೆ ಮೂತ್ರ ಹೆಚ್ಚಿಸುವ ಔಷಧ ಫ್ಯೂರೋಸಿಮೈಡ್ ಕೊಡುತ್ತೇನೆ. ಔಷಧ ಬೆರೆಸುವ ಸಲೈನನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ದಿನದ ಕೊನೆಗೆ ಅದೇ ಒಂದು ಲೀಟರ್ ದಾಟಿರುವುದುಂಟು.